ತೊಂಬತ್ತೊಂಬತ್ತರ ಹಸಿರು

ಸೋಮವಾರ ಬೆಳಿಗ್ಗೆ ಏಳಕ್ಕೆ ಕೆನಡಾದ ಮ್ಯಾನಿಟೋಬಾ ಪ್ರಾಂತದ ಒಂದು ಆಲೂಗಡ್ಡೆ ಗೋದಾಮಿನಲ್ಲಿ ಸರ್ವರ್ ಮುಷ್ಕರ ಹೂಡಿತು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗವಿಲ್ಲ. ಜಾಗವಿಲ್ಲದೆ ರವಾನೆ ಚೀಟಿ ಹೊರಡದು, ಚೀಟಿಯಿಲ್ಲದೆ ಲಾರಿ ಹೊರಡದು. ಹೊರಗೆ ಮೈನಸ್ ಮೂವತ್ತು ಚಳಿಯಲ್ಲಿ ಹನ್ನೊಂದು ಲಾರಿಗಳು ಎಂಜಿನ್ ಆರಿಸದೆ ನಿಂತಿದ್ದವು.

ಸರ್ವರ್ ನೋಡಿಕೊಳ್ಳುವ ವಿಲ್ಮಾ ಫ್ರೀಸನ್ ಕಾರಣ ಹುಡುಕಬೇಕಾಗಿರಲಿಲ್ಲ. ಡಿಸ್ಕ್ ನೂರಕ್ಕೆ ಎಂಬತ್ತು ತುಂಬಿತೆಂದರೆ ವರದಿ ಕೆಂಪಾಗಿ ಎಲ್ಲರ ಮೇಲ್‌ಗೂ ಹೋಗುವಂತೆ ಅವಳಿಗಿಂತ ಹಿಂದಿದ್ದ ಒರೆಸ್ಟ್ ಏರ್ಪಾಡು ಮಾಡಿದ್ದ. ಕೊಯ್ಲಿನ ಸಮಯದಲ್ಲಿ ದಿನಾ ಕೆಂಪು. ಮ್ಯಾನೇಜರ್ ಡ್ವೈಟ್ ಸಿಡುಕಿದ್ದ: "ಏನಮ್ಮಾ ನಿನ್ನ ರಗಳೆ! ಹಸಿರು ಮಾಡು, ಇಲ್ಲಾ ಕಳಿಸೋದನ್ನೇ ನಿಲ್ಸು."

ಹೊಸ ಡಿಸ್ಕ್ ಬೇಕೆಂದು ಬಾಯಿಬಿಡದೆ ಅವಳು ಎಚ್ಚರಿಕೆಯ ಮಿತಿಯನ್ನು ತೊಂಬತ್ತೊಂಬತ್ತಕ್ಕೆ ಏರಿಸಿದ್ದಳು. ವರದಿ ಹಸಿರಾಯಿತು, ಎಲ್ಲರೂ ಖುಷಿ. ಎಂಥ ಹೆಡ್ಡತನ! ತೊಂಬತ್ತೊಂಬತ್ತು ದಾಟಿದಾಗ ಕೆಂಪು ವರದಿ ಬರೆದು ಕಳಿಸುವುದಕ್ಕೂ ಜಾಗ ಉಳಿದಿರಲಿಲ್ಲ.

ನಿವೃತ್ತನಾಗಿದ್ದ ಒರೆಸ್ಟ್‌ಗೆ ಫೋನ್ ಮಾಡಿದಳು.

"ಗಾಬರಿ ಬೀಳ್ಬೇಡ ಕಣಮ್ಮ. ನನ್ನ ಹೆಸರಲ್ಲಿ ನಲವತ್ತು ಜಿಬಿ ಫೈಲ್ ಇದೆ ನೋಡು. ಒಳಗೆ ಏನೂ ಇಲ್ಲ, ಬರೀ ಸೊನ್ನೆ. ಇಂಥ ದಿನಕ್ಕೇ ಅಂತ ಜಾಗ ಹಿಡಿದಿಟ್ಟಿದ್ದೆ. ಅಳಿಸಿಬಿಡು."

ಅಳಿಸಿದಳು. ಚೀಟಿಯ ಪ್ರಿಂಟರ್ ಗರಗರ ಎಂದಿತು. ಮೊದಲ ಲಾರಿ ಗೇಟು ದಾಟಿತು.

"ಅಲ್ಲಾ, ಕೆಂಪು ವರದಿ ಬರ್ಲಿಲ್ವಾ?" ಎಂದ ಒರೆಸ್ಟ್.

"ಇಲ್ಲ," ಎಂದಳು. ಅದು ಸುಳ್ಳಲ್ಲ, ನಿಜವೂ ಅಲ್ಲ.

"ಹಾಗಾದ್ರೆ ನಾನೇ ಎಲ್ಲೋ ತಪ್ಪು ಬರ್ದಿದ್ದೀನಿ. ವಯಸ್ಸಾಯ್ತಲ್ಲ."

ಫೋನ್ ಇಟ್ಟ ಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಅಷ್ಟರಲ್ಲಿ ಡ್ವೈಟ್ ಬಂದ. "ಲಾರಿ ಯಾಕೆ ನಿಂತ್ವು ಅಂತ ಹತ್ತು ಗಂಟೆಗೆ ಮಾಲೀಕರಿಗೆ ವರದಿ ಹೋಗ್ಬೇಕು. ಆ ಮುದುಕ ಸರಿಯಾಗಿ ಮಾಡಿಟ್ಟಿರ್ಲಿಲ್ಲ ಅಂತ ಬರಿ. ಅವನಿಗೇನು, ಮನೇಲಿದ್ದಾನೆ. ನಿನಗೆ ಈ ಕೆಲಸ ಬೇಕು ತಾನೇ?"

ಬೇಕಿತ್ತು. ಚಳಿಗಾಲದ ನಡುವೆ ಆ ಊರಲ್ಲಿ ಇನ್ನೊಂದು ಕೆಲಸ ಎಲ್ಲಿಂದ ಬರಬೇಕು? 'ಒರೆಸ್ಟ್ ಮಾಡಿದ ಏರ್ಪಾಡಿನಲ್ಲಿ' ಎಂದು ಟೈಪು ಮಾಡಿದಳು. ಅದನ್ನು ಅಳಿಸಿದಳು. ಆಮೇಲೆ ಮೂರೇ ಸಾಲು ಬರೆದಳು: ಮಿತಿ ಏರಿಸಿದವಳು ನಾನು. ಇಂದು ನಮ್ಮನ್ನು ಉಳಿಸಿದ್ದು ಒರೆಸ್ಟ್ ಇಟ್ಟಿದ್ದ ಫೈಲು. ಅದೂ ಈಗ ಇಲ್ಲ, ಹೊಸ ಡಿಸ್ಕ್ ಬೇಕು.

ಕಳಿಸಿದ ಮೇಲೆ ಓದಿದ ಡ್ವೈಟ್ ತಲೆ ಚಚ್ಚಿಕೊಂಡ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡ್ಯಲ್ಲೇ!"

"ಹೂಂ, ಹಾಕ್ಕೊಂಡೆ," ಎಂದು ಅವಳು ಮಿತಿಯನ್ನು ಮತ್ತೆ ಎಂಬತ್ತಕ್ಕೆ ಇಳಿಸಿದಳು. ನಿಮಿಷದೊಳಗೆ ಎಲ್ಲರಿಗೂ ಕೆಂಪು ವರದಿ ಹೋಯಿತು.

ಆಮೇಲೆ ಒರೆಸ್ಟ್‌ಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಆ ಕಡೆ ಕಾಗದ ಮಗುಚುವ ಸದ್ದು ನಿಂತಿತು.

"ಅಬ್ಬಾ," ಎಂದ ಅವನು. "ಬೆಳಿಗ್ಗೆಯಿಂದ ಹಳೇ ನೋಟ್‌ಬುಕ್ಕೆಲ್ಲ ಹರವಿಕೊಂಡು ಕೂತಿದ್ದೆ ಕಣಮ್ಮ, ನಾನು ಎಲ್ಲಿ ತಪ್ಪಿದೆ ಅಂತ."