ಶಟ್ಟೆವ್ವನ ಕೈಗುಣ

ದೊಡವಾಡದಲ್ಲಿ ಯಾರ ಮನೆಯ ಕುಬಸವಾದರೂ ಬಸುರಿಯ ಉಡಿಗೆ ಮೊದಲ ಅಕ್ಕಿ ಬೀಳುವುದು ಶಟ್ಟೆವ್ವನ ಕೈಯಿಂದಲೇ. ನಾಲ್ಕು ಗಂಡು ಹಡೆದವಳ ಕೈ! ಆ ಕೈ ಉಡಿ ತುಂಬಿದರೆ ಗಂಡೇ ಹುಟ್ಟುತ್ತದೆಂದು ಊರು ನಂಬಿತ್ತು; ಊರಿಗಿಂತ ಹೆಚ್ಚು ಶಟ್ಟೆವ್ವ ನಂಬಿದ್ದಳು.

ಈಗ ಕಿರಿಯ ಮಗ ಕಲ್ಮೇಶನಿಗೆ ಮೂವತ್ತೈದು. ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸುತ್ತಿ ಚಪ್ಪಲಿ ಸವೆದವೇ ಹೊರತು ಕನ್ಯೆ ಸಿಗಲಿಲ್ಲ.

"ಊರ ತುಂಬ ಗಂಡು ಬಿತ್ತಿ ಬಂದಿ. ಈಗ ಹೆಣ್ಣು ಎಲ್ಲಿ ಅಂತ ಹುಡುಕಿದ್ರ?" ಎಂದು ಗಂಡ ನಿಜಗುಣಪ್ಪ ಕಾಡುತ್ತಿದ್ದ.

"ಖರೆ ಐತ್ರಿ. ನಡುವ ನಾಕು ಹೆಣ್ಣಿನ ಅಕ್ಕಡಿ ಸಾಲರ ಹಾಕಬೇಕಿತ್ತು" ಎಂದು ಅವಳೂ ನಗುತ್ತಿದ್ದಳು. ನಕ್ಕರೂ, ಕಲ್ಮೇಶ ಒಬ್ಬನೇ ಕುಳಿತು ಉಣ್ಣುವುದನ್ನು ಕಂಡಾಗ ಎದೆ ಚುರುಕ್ಕೆನ್ನುತ್ತಿತ್ತು.

ಕೊನೆಗೆ ಹೂಲಿಯಿಂದ ಚನ್ನವ್ವ ಎಂಬಾಕೆ ಮಗಳು ಉಮಾಶ್ರೀಯನ್ನು ಕರೆದುಕೊಂಡು ಹುಡುಗನನ್ನು ನೋಡಲು ಬಂದಳು. ಈಗ ಹುಡುಗಿಯೇ ಬಂದು ಮನೆ, ಮಗ, ಬಚ್ಚಲು ಎಲ್ಲ ನೋಡಿ ಹೋಗುವ ಕಾಲ. ಶಟ್ಟೆವ್ವ ತಲೆತುಂಬ ಸೆರಗು ಹೊದ್ದು ಚಾಪೆಯ ತುದಿಗೆ ಕುಳಿತಳು. ನೋಡಲು ಬಂದದ್ದು ತನ್ನನ್ನೇ ಏನೋ ಎಂಬಂತೆ. ಚಹಾ ಕೊಡಲು ಎದ್ದಾಗ ಕಪ್ಪು-ಬಸಿಯ ತಾಟು ಕೈಯಲ್ಲಿ ಗಡಗಡ ಎಂದಿತು. ಉಮಾಶ್ರೀ ಏನೂ ಕಾಣದವಳ ಹಾಗೆ ಅದನ್ನು ಇಸಿದುಕೊಂಡು ತಾನೇ ಎಲ್ಲರಿಗೂ ಕೊಟ್ಟಳು.

ಆ ಸಂತೋಷಕ್ಕೆ ಶಟ್ಟೆವ್ವನ ಬಾಯಿ ಸಡಿಲಾಯಿತು. "ನಿಮ್ಮ ಮಗಳಿಗೆ ಇಲ್ಲಿ ಏನೂ ಕಡಿಮಿ ಆಗಂಗಿಲ್ರಿ. ನನ್ನ ಕೈಲೆ ಉಡಿ ತುಂಬಿಸಿಕೊಂಡಾಕಿ ಒಬ್ಬಾಕಿನೂ ಹೆಣ್ಣು ಹಡದಿಲ್ಲ!"

ನಿಜಗುಣಪ್ಪ ಕೆಮ್ಮಿದ. ಕಲ್ಮೇಶ ತಲೆ ತಗ್ಗಿಸಿದ.

"ಒಬ್ಬಾಕಿ ಹಡದಾಳ್ರಿ," ಎಂದಳು ಚನ್ನವ್ವ ಮೆಲ್ಲಗೆ. "ನಾನs. ನನ್ನ ಕುಬಸ ಇದs ಊರಾಗ, ನಮ್ಮ ಸೋದರಮಾವನ ಮನ್ಯಾಗ ಆಗಿತ್ತು. ಉಡಿ ತುಂಬಿದವರು ನೀವs. ಹುಟ್ಟಿದಾಕಿ ಈಕಿ."

ಎಷ್ಟೋ ಉಡಿ ತುಂಬಿದ್ದ ಶಟ್ಟೆವ್ವನಿಗೆ ಮುಖಗಳು ನೆನಪಿರಲಿಲ್ಲ. ಮಗನ ಮದುವೆಯನ್ನು ತನ್ನ ನಾಲಿಗೆಯೇ ನುಂಗಿತೆಂದುಕೊಂಡಳು. ಅವರು ಹೊರಟು ನಿಂತಾಗ ಉಡಿ ತುಂಬಿ ಕಳಿಸಬೇಕಲ್ಲ. ಅಕ್ಕಿಯ ಮೊರ ತಂದಿಟ್ಟು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಬಾಜೂ ಮನಿಯಾಕಿನ್ನ ಕರೀತೇನ್ರಿ, ನನ್ನ ಕೈ ಬ್ಯಾಡ" ಎಂದಳು.

ಉಮಾಶ್ರೀ ಕಿಸಕ್ಕನೆ ನಕ್ಕಳು. ಒಳಗೆ ಖಾಲಿ ಬಸಿ ತೊಳೆದಿಡುತ್ತಿದ್ದ ಕಲ್ಮೇಶನ ಕಡೆಗೊಮ್ಮೆ ನೋಡಿ, ಓಢಣಿಯನ್ನೇ ಉಡಿಯಂತೆ ಹಿಡಿದು ಮುಂದೆ ಬಂದಳು.

"ಯಾಕ ಬ್ಯಾಡ? ನನ್ನ ತಂದ ಕೈ ಅದು. ನೀವs ತುಂಬ್ರಿ, ಅತ್ತಿ."

ಅತ್ತೆ ಎಂದಳೇ? ಚನ್ನವ್ವ ಮಗಳ ಮುಖ ನೋಡಿದಳು, ಬೇಡವೆನ್ನಲಿಲ್ಲ. ಒಳಗೆ ಬಸಿಯೊಂದು ಬಿದ್ದು ಒಡೆಯಿತು. ಶಟ್ಟೆವ್ವ ಬೊಗಸೆಯಲ್ಲಿ ಅಕ್ಕಿ ಎತ್ತಿ ಹಿಂಜರಿದಾಗ ಹುಡುಗಿ ಕೆಳಗಿನಿಂದ ಮಣಿಕಟ್ಟಿಗೆ ಆಸರೆ ಕೊಟ್ಟಳು.

ಬಸ್ಸು ಹೋದ ಮೇಲೆ ನಿಜಗುಣಪ್ಪ ಕೇಳಿದ: "ಉಡಿ ತುಂಬೂ ಮುಂದ ಏನ್ ಬೇಡ್ಕೊಂಡಿ?"

"ಏನೂ ಇಲ್ರಿ. ದೇವರು ನನ್ನ ಮಾತು ಭಾಳ ಕೇಳ್ಯಾನ. ಇನ್ನ ಸಾಕು."