ನಲವತ್ತೊಂದನೇ ಪಾಲು

ನನ್ನ ನಾಲಿಗೆ ಸ್ವಲ್ಪ ಹಿಡಿತದಲ್ಲಿದ್ದಿದ್ದರೆ ನಿವೇಶನ ಮೊದಲ ಸಭೆಯಲ್ಲೇ ಮಂಜೂರಾಗುತ್ತಿತ್ತು. ಎಂಬತ್ತನಾಲ್ಕನೇ ಇಸವಿಯ ಮಾತು. ಬಿ.ಸಿ.ರೋಡಿನಲ್ಲಿ ನಾವಿದ್ದ ಬಾಡಿಗೆ ಕೋಣೆಗಳ ಸಾಲನ್ನು ಕೆಡವಿ ಅಂಗಡಿ ಕಟ್ಟಡ ಏರಿಸಲು ಒಪ್ಪಿಗೆ ಸಿಕ್ಕಿತ್ತು. ಮಾಲೀಕ ಅಬೂಬಕ್ಕರ್ ಒಳ್ಳೆಯ ಮನುಷ್ಯ, ಗಲಾಟೆ ಮಾಡಲಿಲ್ಲ. ತಿಂಗಳ ಕೊನೆಯೊಳಗೆ ಬಿಟ್ಟುಕೊಡಬೇಕೆಂದು ಮೂರು ಸಲ ಬಂದು ಮೆಲ್ಲಗೆ ಹೇಳಿ ಹೋದರು. ಮೆಲ್ಲಗೆ ಹೇಳಿದರೇನು, ಬೀದಿಗೆ ಬೀಳುವವರು ನಾವು ತಾನೆ? ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನಾನೂ ಹತ್ತೊಂಬತ್ತರ ಮಗಳು ವಿನೋದಾಳೂ ಬೀಡಿ ಕಟ್ಟಿ ಬದುಕುತ್ತಿದ್ದೆವು.

ಅದೇ ಹೊತ್ತಿಗೆ ನಿವೇಶನ ಸಮಿತಿಯವರು ಗುಡ್ಡೆಯ ಮೇಲಿನ ಸರ್ಕಾರಿ ಜಾಗವನ್ನು ಐದೈದು ಸೆಂಟ್ಸಿನ ತುಂಡು ಮಾಡಿ ಮನೆ ಇಲ್ಲದವರಿಗೆ ಕೊಡುವುದೆಂದು ತೀರ್ಮಾನಿಸಿದರು. ಜಾಗವೊಂದು ಕೈಗೆ ಬಂದರೆ ಸದ್ಯಕ್ಕೆ ತೆಂಗಿನ ಮಡಲಿನ ಗುಡಿಸಲು ಹಾಕಿಕೊಳ್ಳಬಹುದು ಎಂದು ನಾನೂ ಅರ್ಜಿ ಕೊಟ್ಟೆ. ವಿಚಾರಣೆಗೆ ಕರೆದರು. ಗುಮಾಸ್ತ ಪರಮೇಶ್ವರ ಭಟ್ಟರು ಕನ್ನಡಕದ ಮೇಲಿಂದ ನನ್ನನ್ನು ಹರಿದ ಚಪ್ಪಲಿಯಿಂದ ತಲೆಯವರೆಗೆ ನೋಡಿದರು.

“ಕುಟುಂಬದ ಮನೆ, ಆಸ್ತಿ ಅಂತ ಏನಾದ್ರೂ ಉಂಟಾ? ಇರ್ಲಿಕ್ಕಿಲ್ಲ ಅಲ್ವಾ?”

ಆ ‘ಇರ್ಲಿಕ್ಕಿಲ್ಲ’ ಕೇಳಿ ನನ್ನ ಮೈ ಉರಿದುಹೋಯಿತು.

“ಯಾಕೆ ಇಲ್ಲ? ಮಿಜಾರಿನಲ್ಲಿ ನಮ್ಮದು ನಾಲ್ಕು ಸುತ್ತಿನ ಮನೆ. ಚಾವಡಿಯ ಕಂಬ ತಬ್ಬಿದ್ರೆ ಕೈಗೆ ಕೈ ಸಿಕ್ಕುವುದಿಲ್ಲ. ನನಗೂ ಅದರಲ್ಲಿ ಪಾಲುಂಟು.”

ಭಟ್ಟರು ಹೇಳಿದ್ದಷ್ಟನ್ನೂ ಬರೆದುಕೊಂಡರು. ಎಂಟು ದಿನದಲ್ಲಿ ಪಟ್ಟಿ ಬಂತು. ಕಾಂತಿ, ಕುಟುಂಬದ ಮನೆ ಇದೆ, ಅರ್ಜಿ ತಿರಸ್ಕೃತ.

ನಮ್ಮದು ಅಳಿಯಸಂತಾನ. ತಾಯಿಯ ಕಡೆಯಿಂದ ಹಕ್ಕು ಇಳಿದು ಬರುತ್ತದೆ. ಹಾಗೆ ಬಂದು ಬಂದು ಆ ಮನೆಗೆ ನಲವತ್ತೊಂದು ಜನ ಪಾಲುದಾರರಾಗಿದ್ದರು. ಹಂಚಿದರೆ ನನ್ನ ಪಾಲಿಗೆ ಬಾಗಿಲಿನ ಚಿಲಕವೂ ಬರಲಿಕ್ಕಿಲ್ಲ. ಗಂಡ ಸತ್ತಾಗ ಅಲ್ಲಿಗೆ ಹೋಗಬಹುದಿತ್ತು. ಬಾ ಎಂದು ಯಾರೂ ಕರೆಯಲಿಲ್ಲ, ಬರಲಾ ಎಂದು ನಾನೂ ಕೇಳಲಿಲ್ಲ.

ಭಟ್ಟರ ಮೇಜಿನ ಮುಂದೆ ಹೋಗಿ ನಿಂತೆ. ಅವರಿಗೂ ಕನಿಕರ ಬಂತೋ ಏನೋ. “ಆ ಮನೆಯಲ್ಲಿ ಹಕ್ಕು ಬಿಟ್ಟದ್ದಕ್ಕೆ ಪತ್ರ ನೋಂದಣಿ ಮಾಡಿಸಿ ತನ್ನಿ. ಯಜಮಾನರ ಸೈನೂ ಬೇಕು. ಇಪ್ಪತ್ತೆಂಟಕ್ಕೆ ಸಭೆ. ಪತ್ರ ಇದ್ರೆ ಜಾಗ ನಿಮಗೇ, ನಾನು ನೋಡಿಕೊಳ್ತೇನೆ” ಎಂದರು.

ಯಜಮಾನರೆಂದರೆ ನನ್ನ ಸೋದರಮಾವ ಮುಂಡಪ್ಪ. ಭೂಮಸೂದೆಯಲ್ಲಿ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಅವರಿಗೆ ಉಳಿದದ್ದು ಮನೆ ಮತ್ತು ಮನೆಯ ಹೆಸರು. ಒಂದು ವಾರದಲ್ಲಿ ಎರಡು ಸಲ ಬಸ್ಸು ಹತ್ತಿ ಮಿಜಾರಿಗೆ ಹೋದೆ. ಎರಡು ಸಲವೂ ಒಂದೇ ಉತ್ತರ.

“ನಮ್ಮ ಮನೆಯ ಹೆಣ್ಣು ಸರ್ಕಾರದ ಐದು ಸೆಂಟ್ಸಿಗೆ ಕೈ ಚಾಚುವುದಾ? ಪಟ್ಟಿಯನ್ನು ಬೋರ್ಡಿಗೆ ಅಂಟಿಸ್ತಾರೆ, ಊರೆಲ್ಲ ಓದ್ತದೆ. ಇಷ್ಟು ದೊಡ್ಡ ಮನೆ ಉಂಟು ಮಾರಾಯ್ತಿ, ಇಲ್ಲಿ ಬಂದು ಇರು. ಬೇಡ ಅಂತ ಯಾರು ಹೇಳಿದ್ದು?”

ಹಾಗೆ ಹೇಳುವಾಗ ಅವರ ಕಣ್ಣು ಅಂಗಳದಲ್ಲಿ ಬಿಟ್ಟಿದ್ದ ನನ್ನ ಚಪ್ಪಲಿಯ ಮೇಲೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಮನೆಗೆ ಕಾಲಿಟ್ಟವಳೇ ವಿನೋದಾಳಿಗೆ, “ಗಂಟು ಕಟ್ಟು. ಮಾವ ಕರೆದಿದ್ದಾರಲ್ಲ, ಹೋಗುವ” ಎಂದೆ.

ಮರುದಿನ ಪಾತ್ರೆ, ಚಾಪೆ, ಬೀಡಿ ಎಲೆಯ ಕಟ್ಟು, ತಂಬಾಕಿನ ಡಬ್ಬಿ, ಒಂದು ಕೋಳಿ ಸಮೇತ ಮಿಜಾರಿನ ಅಂಗಳದಲ್ಲಿ ಇಳಿದೆವು. ನಾನು ಬಂದವರನ್ನು ಕೂರಿಸುವ ಚಾವಡಿಯ ನಟ್ಟನಡುವೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕುಳಿತೆ. ಮಾವನನ್ನು ನೋಡಲು ಬಂದ ದೊಡ್ಡ ಮನುಷ್ಯರು ತಂಬಾಕಿನ ಘಾಟಿಗೆ ಸೀನಿದರು. ಎರಡು ದಿನದಲ್ಲಿ ಮಾವ ಬಗ್ಗದಿದ್ದರೆ ನನ್ನ ಹೆಸರು ಕಾಂತಿಯಲ್ಲ ಎಂದುಕೊಂಡೆ.

ಆದರೆ ಆ ಮನೆ ನನ್ನನ್ನು ಸುಮ್ಮನೆ ಬಿಡಲಿಲ್ಲ. ಅಮ್ಮನ ಅಕ್ಕ ಸೇಸಮ್ಮ ದೊಡ್ಡಮ್ಮ ಹಿಂದಿನ ಕೋಣೆಯ ತೆಂಗಿನಕಾಯಿ ರಾಶಿಯನ್ನು ಬದಿಗೆ ಸರಿಸಿ, “ನೀನು ಹುಟ್ಟಿದ್ದು ಇದೇ ಕೋಣೆಯಲ್ಲಿ. ಇಲ್ಲೇ ಮಲಗಿ” ಎಂದರು. ವಿನೋದಾಳ ತಲೆಗೆ ಎಣ್ಣೆ ಹಚ್ಚಿದರು. ಅವಳು ಬಾಯಿ ತುಂಬ ನಗುವುದನ್ನು ಆರು ವರ್ಷದ ಮೇಲೆ ನೋಡಿದೆ. ಲಾರಿಗಳ ಸದ್ದಿಲ್ಲದ ಆ ಕೋಣೆಯಲ್ಲಿ ನಾನು ಬೆಳಕು ಹರಿದದ್ದೂ ತಿಳಿಯದ ಹಾಗೆ ನಿದ್ದೆ ಮಾಡಿದೆ. ಮೂರನೆಯ ದಿನ ಎಲೆ ಕತ್ತರಿಸುತ್ತಾ ಕುಳಿತಿದ್ದಾಗ, ಮಾವ ಬಗ್ಗದಿದ್ದರೇ ಒಳ್ಳೆಯದು ಅನಿಸಿತು. ಹಾಗೆ ಅನಿಸಿದ್ದಕ್ಕೆ ನನಗೇ ಹೆದರಿಕೆಯಾಯಿತು.

ಅದೇ ಸಂಜೆ ಬೆಳ್ತಂಗಡಿಯಿಂದ ಭೋಜ ಬಂದ. ನನ್ನ ಚಿಕ್ಕಮ್ಮನ ಮಗ, ಅವನೂ ಪಾಲುದಾರ. ಕಾಲು ತೊಳೆಯುವ ಮೊದಲೇ ಮಾತು ತೆಗೆದ.

“ಕಾಂತಿಗೆ ಕೋಣೆ ಕೊಟ್ಟಿದ್ದೀರಂತೆ ಮಾವ. ಹಾಗಾದ್ರೆ ನನಗೆ ಆಚೆ ಬದಿಯ ಎರಡು ಕೋಣೆ ಬೇಕು. ನಮ್ಮದು ಏಳು ಜನ.”

ಮಾವ ಕಾಫಿ ಲೋಟವನ್ನು ಕೆಳಗಿಟ್ಟರು. ಉಳಿದ ಮೂವತ್ತೆಂಟು ಮಂದಿಯೂ ಅಂಗಳದಲ್ಲಿ ಸಾಲಾಗಿ ನಿಂತ ಹಾಗೆ ಕಂಡಿರಬೇಕು.

ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. “ಹೊರಡು. ಮೂಡಬಿದ್ರೆಗೆ ಹೋಗಿ ನಿನ್ನ ಪತ್ರ ಮಾಡಿಸುವ. ಮಗಳ ಸೈನೂ ಬೇಕಾದೀತು.”

ನಾನು ಗೆದ್ದಿದ್ದೆ. ನೋಂದಣಿ ಕಚೇರಿಯ ಜಗಲಿಯಲ್ಲಿ ಪತ್ರ ಬರೆಯುವವರು ಗಟ್ಟಿಯಾಗಿ ಓದಿದರು: “ಸದರಿ ಮನೆಯಲ್ಲಿ ನನಗಾಗಲಿ ನನ್ನ ಸಂತತಿಗಾಗಲಿ ಇನ್ನು ಮುಂದೆ ಯಾವ ಹಕ್ಕೂ ಸಂಬಂಧವೂ ಇರುವುದಿಲ್ಲ.” ಪೆನ್ನು ಹಿಡಿದು ಮಾವನ ಮುಖ ನೋಡಿದೆ. ಬೇಡ ಕಾಂತಿ, ಎಂದು ಒಂದು ಮಾತು ಅವರ ಬಾಯಿಂದ ಬಂದಿದ್ದರೆ ಆ ಪತ್ರವನ್ನು ಅಲ್ಲೇ ಹರಿದುಹಾಕುತ್ತಿದ್ದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು.

“ಸೈನ್ ಮಾಡಮ್ಮ,” ಎಂದಳು ವಿನೋದಾ. “ಇಲ್ಲದಿದ್ರೆ ತಿಂಗಳ ಕೊನೆಗೆ ಎಲ್ಲಿಗೆ ಹೋಗುವುದು?”

ಇಬ್ಬರೂ ಸೈನ್ ಮಾಡಿದೆವು. ಸಭೆಗೆ ಇನ್ನೂ ಎರಡು ದಿನವಿತ್ತು. ಜಾಗ ಸಿಕ್ಕಿದ ಹಾಗೆಯೇ.

ಸಾಮಾನು ತೆಗೆದುಕೊಂಡು ಹೋಗಲು ಮಿಜಾರಿಗೆ ಮರಳುವಾಗ ಮಧ್ಯಾಹ್ನವಾಗಿತ್ತು. ಮೂರು ದಿನವೂ ಅಡುಗೆಮನೆಯಲ್ಲಿ ನಾನೇ ಬಟ್ಟಲು ತೆಗೆದು, ನಾನೇ ಬಡಿಸಿಕೊಂಡು ತಿಂದಿದ್ದೆ. ಅದೇ ಅಭ್ಯಾಸದಲ್ಲಿ ಕೈ ತೊಳೆದು ಒಳಗೆ ಹೊರಟವಳನ್ನು ದೊಡ್ಡಮ್ಮ ಬಾಗಿಲಲ್ಲಿ ತಡೆದರು. ಮಾವ ಮುಂಚೆಯೇ ಹೇಳಿಟ್ಟಿದ್ದರೋ ಏನೋ.

“ಇಲ್ಲಿ ಬೇಡ ಮಗಾ. ಚಾವಡಿಯಲ್ಲಿ ಎಲೆ ಹಾಕಿದ್ದೇನೆ.”

ನೆಂಟರಿಗೆ ಹಾಕುವ ಹಾಗೆ ಚಾಪೆ ಹಾಸಿ, ಎರಡು ಬಾಳೆಲೆ ಹಾಕಿ, ಅನ್ನ, ಕೋಳಿ ಸಾರು ಬಡಿಸಿದ್ದರು. ಮಾವ ಎದುರು ನಿಂತು ಉಪಚಾರ ಮಾಡಿದರು. “ಸಾವಕಾಶ ಊಟ ಆಗಲಿ. ಬಸ್ಸಿಗೆ ಇನ್ನೂ ಹೊತ್ತುಂಟು.”

ನನಗೆ ಹಸಿವಿತ್ತು. ಎಲೆಯ ಮೇಲಿನ ಅನ್ನ ಮುಗಿಯಿತು. ಒಳಗೆ ಪಾತ್ರೆ ತುಂಬ ಅನ್ನ ಇರುವುದು ಗೊತ್ತಿತ್ತು, ಬೆಳಿಗ್ಗೆ ಅಕ್ಕಿ ತೊಳೆದು ಒಲೆಗಿಟ್ಟವಳು ನಾನೇ. ಇನ್ನೊಂದು ಸೌಟು ಕೇಳಲು ನಾಚಿಕೆಯಾಯಿತು.