ಕಾಲೂರದ ಎತ್ತು

ಬಣ್ಣ ಹೋಗಿದ್ದರೂ ಸರಿ, ಸೀಟು ಹರಿದಿದ್ದರೂ ಸರಿ, ಕಾಲಿನ ಕೆಲಸವಿಲ್ಲದೆ ಆ ಗಾಡಿ ಓಡುತ್ತದೋ ಇಲ್ಲವೋ ಅದೊಂದನ್ನು ನೋಡಿ ಬಾ ಎಂದು ತಮ್ಮ ಪಂಪಣ್ಣ ಸಿಂಧನೂರಿನಿಂದ ಫೋನಿನಲ್ಲಿ ಹೇಳಿದ್ದ. ಸಕ್ಕರೆ ಕಾಯಿಲೆಗೆ ಅವನ ಬಲಗಾಲು ಹೋಗಿ ಎರಡು ವರ್ಷವಾಗಿತ್ತು. ಮೂರು ಗಾಲಿಯ ಸ್ಕೂಟರು ಗದ್ದೆಯ ಬಂಡಿದಾರಿಯಲ್ಲಿ ಹೂತುಹೋಗುತ್ತಿತ್ತು. ಅಂದಿನಿಂದ ತನ್ನ ಭತ್ತವನ್ನು ಅವನು ಕಂಡದ್ದು ಕಾಲುವೆ ರಸ್ತೆಯ ಮೇಲಿನಿಂದ, ಅದೂ ಮೊದಲೆರಡು ಮಡಿ ಮಾತ್ರ. ಒಳಗಿನದೆಲ್ಲ ಗದ್ದೆ ನೋಡಿಕೊಳ್ಳುವ ನಿಂಗರಾಜ ಹೇಳಿದ್ದೇ ನಿಜ.

ಅದಕ್ಕೇ ಮಸ್ಕಿಯ ಕಲ್ಯಾಣಮ್ಮ ಅಂದು ಬೆಳಿಗ್ಗೆ ಹುಸೇನ್‌ಸಾಬನ ಪಿಕಪ್ ಹತ್ತಿ ಲಿಂಗಸುಗೂರಿಗೆ ಬಂದಳು. ಗಾಡಿ ಮಾರುವವನು ಹಟ್ಟಿ ಗಣಿಯಲ್ಲಿ ದುಡಿದು ನಿವೃತ್ತನಾದ ಕರಿಬಸಯ್ಯ. ಲಿಂಬೆ ತೋಟದಲ್ಲಿ ತಿರುಗಾಡಲು ತಂದಿದ್ದನಂತೆ, ಈಗ ತೋಟವೇ ಇಲ್ಲ. ಕಲ್ಯಾಣಮ್ಮ ಗಾಡಿಯ ಸುತ್ತ ಮೂರು ಸಲ ತಿರುಗಿದಳು. ಮುಂದಿನಿಂದ ನೋಡಿದರೆ ಮೋಟರ್ ಸೈಕಲ್ಲು, ಪಕ್ಕದಿಂದ ನೋಡಿದರೆ ಟ್ರ್ಯಾಕ್ಟರಿನ ಮರಿ. ಹೆಸರು ಕೇಳಿದರೆ ಎ.ಟಿ.ವಿ., ಕೆಸರಲ್ಲೂ ಓಡುವ ನಾಲ್ಕು ಗಾಲಿಯ ಗಾಡಿ ಅಂದ.

"ಅಯ್ಯಾರ, ಎರಡೂ ಕಾಲು ಮ್ಯಾಲೆತ್ತಿಕೊಂಡು ಒಂದು ಸುತ್ತು ಹೊಡೆದು ತೋರಸ್ರಿ," ಎಂದಳು.

ಕರಿಬಸಯ್ಯ ನಕ್ಕ. ಆಕೆ ನಗಲಿಲ್ಲ ಎಂದು ಕಂಡಮೇಲೆ ಪಂಚೆ ಸಿಕ್ಕಿಸಿಕೊಂಡು, ಕಾಲು ಮಡಚಿ ಕೂತು, ಅಂಗಳ ಸುತ್ತಿ ಬಂದ. ಹೆಬ್ಬೆರಳು ಒತ್ತಿದರೆ ಓಟ, ಎಡಗೈಯ ಹಿಡಿಕೆ ಎಳೆದರೆ ಬ್ರೇಕು. ಕಾಲಿಗೂ ಒಂದು ಬ್ರೇಕಿತ್ತು, ಅದು ಪಂಪಣ್ಣನಿಗೆ ಇದ್ದೂ ಇಲ್ಲದ್ದು. ಆ ಕೈಬ್ರೇಕಿನ ಹಿಡಿಕೆಯನ್ನು ಕಲ್ಯಾಣಮ್ಮ ತಾನೇ ಹತ್ತು ಸಲ ಎಳೆದು ನೋಡಿದಳು. ಇನ್ನೊಂದು ಸಂಗತಿಯನ್ನೂ ಗಮನಿಸಿದಳು. ಕರಿಬಸಯ್ಯ ಇಳಿದ ಕೂಡಲೇ ಗಾಡಿ ನಾಲ್ಕು ಬೆರಳಷ್ಟು ಮೇಲೆದ್ದಿತ್ತು. ಸೀಟಿನ ಮೇಲೆ ಅಂಗೈ ಊರಿದಳು, ಇಳಿಯಿತು. ಬಿಟ್ಟಳು, ಎದ್ದಿತು. ಇದಕ್ಕೂ ಉಸಿರಿದೆಯಲ್ಲ ಅನ್ನಿಸಿತು. ದುಡ್ಡು ಎಣಿಸಿ ಕೊಟ್ಟಳು.

ಹುಸೇನ್‌ಸಾಬ್ ಹದಿನೆಂಟು ವರ್ಷದಿಂದ ಸಂತೆಗೆ ಎತ್ತು ಸಾಗಿಸುವವನು. ತನ್ನ ಗಾಡಿಯಲ್ಲಿ ಒಂದು ಎತ್ತಿನ ಗೊರಸೂ ಒಡೆದಿಲ್ಲ ಎನ್ನುವುದು ಅವನ ಹೆಮ್ಮೆ. ಎಂದಿನಂತೆ ಪಿಕಪ್ಪಿನ ತಗಡಿನ ಮೇಲೆ ಗೇಣುದ್ದ ಭತ್ತದ ಹುಲ್ಲು ಹಾಸಿದ. ಎರಡು ಹಲಗೆ ಇಟ್ಟು ಎ.ಟಿ.ವಿ.ಯನ್ನು ಹತ್ತಿಸಿ, ಹ್ಯಾಂಡಲಿಗೆ ಹಗ್ಗ ಹಾಕಿ ಮುಂದಿನ ಕಂಬಿಗೆ ಕಟ್ಟಿದ. ಒಂದು ಮೊಳ ಸಡಿಲು ಬಿಟ್ಟ. ನಾಲ್ಕು ಮೂಲೆಗೂ ಬಿಗಿಯಿರಿ ಎಂದು ಕರಿಬಸಯ್ಯ ಹೇಳಿದರೆ, ಬಿಗಿದು ಕಟ್ಟಿದರೆ ಕುತ್ತಿಗೆ ನೋಯುತ್ತದೆ, ಕಾಲು ಸರಿಸಲು ಜಾಗ ಬೇಕು ಎಂದ. ತಾನು ಏನಂದೆ ಎಂಬುದು ಅವನಿಗೂ ತಿಳಿಯಲಿಲ್ಲ, ಪಿಕಪ್ ಹೊರಟೇಬಿಟ್ಟಿತು.

ಕಲ್ಯಾಣಮ್ಮ ಮುಂದೆ ನೋಡಲೇ ಇಲ್ಲ. ಹಿಂದಿನ ಗಾಜಿಗೆ ಮುಖವಿಟ್ಟು ಕೂತಳು. ಮೊದಲ ಉಬ್ಬಿನಲ್ಲಿ ಗಾಡಿ ಎತ್ತಿನಂತೆಯೇ ತಲೆಯಾಡಿಸಿತು. ಎರಡನೆಯದರಲ್ಲಿ ಒಂದು ಮೊಳ ಹಿಂದೆ ಜಾರಿತು. ಕುರಿಹಿಂಡು ಅಡ್ಡ ಬಂದು ಹುಸೇನ್‌ಸಾಬ್ ಬ್ರೇಕು ಹಾಕಿದಾಗ ಮುಂದಕ್ಕೆ ಬಂದು, ಹ್ಯಾಂಡಲು ಎಡಕ್ಕೆ ತಿರುಗಿ, ಪಕ್ಕದ ತಗಡಿಗೆ ಠಣ್ ಎಂದಿತು.

"ನಿಲ್ಲಸಪಾ," ಎಂದಳು.

ಮಸ್ಕಿ ಇನ್ನೂ ಎರಡು ಮೈಲಿ ಇತ್ತು. ಊರೊಳಗೇ ನಿಲ್ಲಿಸುತ್ತೇನೆ, ಚಹಾ ಕುಡಿಯೋಣ ಎಂದ. ಆಕೆ ಬಾಗಿಲ ಹಿಡಿಕೆಗೆ ಕೈಹಾಕಿದ್ದು ಕಂಡು ಬೇವಿನ ಮರದ ಕೆಳಗೆ ನಿಲ್ಲಿಸಿದ.

ಕೈಬ್ರೇಕಿನ ಹಿಡಿಕೆ ತಗಡಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿ ಬಾಗಿತ್ತು. ಇನ್ನೊಂದು ಉಬ್ಬು ಸಿಕ್ಕಿದ್ದರೆ ಮುರಿಯುತ್ತಿತ್ತು. ಕಲ್ಯಾಣಮ್ಮ ಅದನ್ನು ಮೆಲ್ಲಗೆ ಬಿಡಿಸಿ ಎಳೆದಳು. ಬ್ರೇಕು ಹಿಡಿಯಿತು. ಆಗ ಉಸಿರು ಬಿಟ್ಟು, ಗಾಲಿ ಜಾರಿದ್ದ ಹುಲ್ಲನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಹುಸೇನ್‌ಸಾಬ್, ನೀ ಬ್ರೇಕ್ ಹಾಕಿದಾಗ ಎತ್ತು ಏನ್ ಮಾಡತೈತಿ?"

"ಕಾಲೂರತೈತ್ರಿ ಯಕ್ಕಾ. ಅದಕ್ಕಽ ಹುಲ್ಲು. ತಗಡಿನ ಮ್ಯಾಲೆ ಗೊರಸು ಜಾರತೈತಿ."

"ಇದು ಊರಂಗಿಲ್ಲ. ತಾ ಹೊಂಟೀನಿ ಅನ್ನೂದಽ ಇದಕ್ಕ ಗೊತ್ತಿಲ್ಲ. ಎಲ್ಲಾ ನಾವಽ ಹಿಡಕೋಬೇಕು."

ಹುಸೇನ್‌ಸಾಬ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹುಲ್ಲನ್ನೆಲ್ಲ ಚೀಲಕ್ಕೆ ತುಂಬಿದ. ಕಲ್ಯಾಣಮ್ಮ ಅವನನ್ನು ಗಾಡಿಯ ಮೇಲೆ ಕೂರಲು ಹೇಳಿದಳು. ಯಾಕೆ ಎಂದು ಕೇಳಿದ. ನಿನ್ನ ಭಾರಕ್ಕೆ ಅದು ಇಳಿಯಲಿ, ಇಳಿದಾಗಲೇ ಬಿಗಿದರೆ ಆಮೇಲೆ ಹಗ್ಗ ಸಡಿಲಾಗುವುದಿಲ್ಲ ಎಂದಳು. ಅವನು ದೊರೆಯಂತೆ ಕೂತ, ಆಕೆ ಸೆರಗು ಸಿಕ್ಕಿಸಿ ನಾಲ್ಕು ಮೂಲೆಗೂ ಹಗ್ಗ ಎಳೆದಳು. ದಾರಿಯಲ್ಲಿ ಮೇಕೆ ಹೊಡೆದುಕೊಂಡು ಹೊರಟಿದ್ದ ಬೀರಲಿಂಗ ಅದನ್ನು ನೋಡಿ ನಿಂತ.

"ಏನ್ ಸಾಬ್ರ, ಈ ಎತ್ತಿಗೆ ಹಲ್ಲೆಷ್ಟು?"

"ಹಲ್ಲಿಲ್ಲೋ ಮಾರಾಯ, ಹೇಳಿದ ಮಾತೂ ಕೇಳಂಗಿಲ್ಲ," ಎಂದ ಹುಸೇನ್‌ಸಾಬ್.

ಸಿಂಧನೂರಿನವರೆಗೆ ಗಾಡಿ ಅಲುಗಲಿಲ್ಲ. ಮಸ್ಕಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ.

ಕಾಲುವೆ ರಸ್ತೆಯ ಪಕ್ಕ ಪಂಪಣ್ಣ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಗಾಡಿ ಇಳಿಸಿದ ಕೂಡಲೇ ಅಕ್ಕನ ಮುಖವನ್ನೂ ನೋಡದೆ ಹತ್ತಿ ಕೂತು ಹೆಬ್ಬೆರಳು ಒತ್ತಿದ, ಎಡಗೈ ಎಳೆದ. ಹಿಡಿಕೆ ಸ್ವಲ್ಪ ಬಾಗಿದೆಯಲ್ಲ ಎಂದ. ಹುಸೇನ್‌ಸಾಬ್ ಕಾಲುವೆಯ ಕಡೆ ನೋಡಿದ. ಅದು ದಾರಿಯಲ್ಲಿ ಪಾಠ ಹೇಳಿತು ಎಂದಳು ಕಲ್ಯಾಣಮ್ಮ. ನಿಂಗರಾಜ ಹಿಂದೆ ಕೂರುತ್ತೇನೆ ಎಂದರೂ ಪಂಪಣ್ಣ ಕೇಳದೆ ಒಬ್ಬನೇ ಬಂಡಿದಾರಿಗೆ ಇಳಿದ. ಕೆಸರು ಎರಡೂ ಕಡೆ ಸಿಡಿಯಿತು. ನಾಲ್ಕನೆಯ ಮಡಿ ದಾಟಿ, ಜಾಲಿ ಗಿಡಗಳ ಆಚೆ ಮರೆಯಾದ.

ಸ್ವಲ್ಪ ಹೊತ್ತಿಗೆ ಸದ್ದು ನಿಂತುಹೋಯಿತು. ಬಿದ್ದನೋ, ಹೂತನೋ? ನಿಂಗರಾಜ ಓಡಲು ಚಪ್ಪಲಿ ಬಿಟ್ಟ. ಕಲ್ಯಾಣಮ್ಮ ಕೈ ಅಡ್ಡ ಹಿಡಿದು ಕಿವಿಗೊಟ್ಟಳು. ದೂರದಿಂದ ದನಿ ಬಂತು.

"ಲೇ ನಿಂಗ್ಯಾ! ಇಲ್ಲಿ ಬದುವಿಗೆ ಹೆಗ್ಗಣ ತೂತು ಹಾಕ್ಯಾವ, ನೀರೆಲ್ಲಾ ಪಕ್ಕದವನ ಗದ್ದಿಗೆ ಹೊಂಟೈತಿ! ಬದು ಭದ್ರ ಐತಿ ಅಂತಿದ್ದೆಲ್ಲೋ!"

ನಿಂಗರಾಜ ಸಲಿಕೆ ಹುಡುಕಿದ. ಬೈಗುಳ ಇನ್ನೂ ಬರುತ್ತಲೇ ಇತ್ತು. ಕಲ್ಯಾಣಮ್ಮ ತಮ್ಮನ ಖಾಲಿ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಆರಾಮವಾಗಿ ಕೇಳಿದಳು.